ಅಂಟಲ್ಲ, ಹಿಡಿತ: ಜೀವಕೋಶಗಳು ಒಂದಾಗಿ ನಿಲ್ಲುವ ಬಗೆ

ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯಗಳಲ್ಲಿ ದಿನನಿತ್ಯ ನಡೆಯುವ ಒಂದು ಸಣ್ಣ ಕೆಲಸವನ್ನು ಹತ್ತಿರದಿಂದ ನೋಡೋಣ. ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಚರ್ಮದ ಕೋಶಗಳು ನೆಲಕ್ಕೆ ಹಾಸಿದ ಚಪ್ಪಡಿಗಳಂತೆ ಒಂದಕ್ಕೊಂದು ಒತ್ತಿಕೊಂಡು ಹರಡಿರುತ್ತವೆ. ತಟ್ಟೆಯನ್ನು ಅಲುಗಾಡಿಸಿದರೂ, ಮೇಲಿನ ದ್ರವವನ್ನು ಬಸಿದು ಹೊಸದನ್ನು ಸುರಿದರೂ ಅವು ಕದಲುವುದಿಲ್ಲ. ಅವುಗಳನ್ನು ಬೇರೊಂದು ತಟ್ಟೆಗೆ ಸಾಗಿಸಬೇಕಾದಾಗ ಸಂಶೋಧಕರು ಒಂದು ದ್ರಾವಣವನ್ನು ಸುರಿದು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ನಿಮಿಷ ಇಡುತ್ತಾರೆ. ಅದರಲ್ಲಿ ಪ್ರೋಟೀನುಗಳನ್ನು ತುಂಡರಿಸುವ ಟ್ರಿಪ್ಸಿನ್ ಎಂಬ ಕಿಣ್ವವೂ ಕ್ಯಾಲ್ಸಿಯಂ ಅಯಾನುಗಳನ್ನು ಸೆಳೆದಿಟ್ಟುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕವೂ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರೆ, ಮೊದಲು ಕೋಶಗಳ ನಡುವಿನ ಗೆರೆಗಳು ಎದ್ದು ಕಾಣತೊಡಗುತ್ತವೆ, ಗೆರೆ ಬಿರುಕಾಗುತ್ತದೆ, ಚಪ್ಪಟೆಯಾಗಿದ್ದ ಕೋಶವು ತನ್ನ ಅಂಚುಗಳನ್ನು ಒಳಗೆಳೆದುಕೊಂಡು ದುಂಡಗಾಗುತ್ತದೆ. ಆಮೇಲೆ ತಟ್ಟೆಯ ಪಕ್ಕವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಕೋಶಗಳು ಬಿಡಿಬಿಡಿಯಾಗಿ ತೇಲತೊಡಗುತ್ತವೆ. ಅವು ಸತ್ತಿರುವುದಿಲ್ಲ. ಹೊಸ ತಟ್ಟೆಯಲ್ಲಿ ಪೋಷಕ ದ್ರವದೊಡನೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಮತ್ತೆ ತಳವನ್ನು ಹಿಡಿದು ಹರಡಿಕೊಳ್ಳುತ್ತವೆ, ನೆರೆಯ ಕೋಶವೊಂದು ತಗುಲಿದರೆ ಅದರೊಡನೆ ಕೂಡಿಕೊಳ್ಳುತ್ತವೆ.

ಇದನ್ನು ವಿವರಿಸುವಾಗ ನಾವು ಸಾಮಾನ್ಯವಾಗಿ ಬಳಸುವ 'ಅಂಟಿಕೊಳ್ಳುವುದು' ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಗೋಂದು ಒಮ್ಮೆ ಒಣಗಿದರೆ ಅದರ ಕೆಲಸ ಮುಗಿಯಿತು; ಅದಕ್ಕೆ ತಾನು ಏನನ್ನು ಹಿಡಿದಿದ್ದೇನೆ ಎಂಬ ತಿಳಿವಳಿಕೆ ಇಲ್ಲ, ಬೇಕಾದಾಗ ಬಿಡುವ ಶಕ್ತಿಯೂ ಇಲ್ಲ. ಕೋಶಗಳದ್ದು ಅಂಟಲ್ಲ, ಹಿಡಿತ. ಯಾರನ್ನು ಹಿಡಿಯಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದೆಲ್ಲ ಆ ಹಿಡಿತದ ಭಾಗವೇ ಆಗಿದೆ. ಮಾನವನ ದೇಹದಲ್ಲಿರುವ ಸುಮಾರು 30 ಲಕ್ಷ ಕೋಟಿ ಕೋಶಗಳಲ್ಲಿ ರಕ್ತದಲ್ಲಿ ತೇಲುವಂಥವನ್ನು ಬಿಟ್ಟರೆ ಉಳಿದವು ಬಹುಪಾಲು ಎರಡು ಬಗೆಯ ಹಿಡಿತಗಳ ಮೇಲೆ ನಿಂತಿವೆ: ಒಂದು ಪಕ್ಕದ ಕೋಶದ ಮೇಲಿನದು, ಇನ್ನೊಂದು ಸುತ್ತ ಹೆಣೆದುಕೊಂಡಿರುವ ಮ್ಯಾಟ್ರಿಕ್ಸ್ ಎಂಬ ನಾರುಜಾಲದ ಮೇಲಿನದು.

ಕೋಶಗಳು ತಮ್ಮವರನ್ನು ಗುರುತಿಸಬಲ್ಲವು ಎಂಬ ಸುಳಿವು ಮೊದಲು ಸಿಕ್ಕಿದ್ದು ಸ್ಪಂಜುಪ್ರಾಣಿಗಳಿಂದ. 1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಹೆಚ್. ವಿ. ವಿಲ್ಸನ್ ಅವರು ಜೀವಂತ ಸ್ಪಂಜನ್ನು ನಯವಾದ ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಬಿಡಿಕೋಶಗಳಾಗಿಸಿದರು. ಪಾತ್ರೆಯ ತಳಕ್ಕಿಳಿದ ಆ ಕೋಶಗಳು ಹರಿದಾಡಿ, ಗುಂಪುಗೂಡಿ, ದಿನಗಳು ಕಳೆದಂತೆ ಮತ್ತೆ ಸ್ಪಂಜುಗಳಾದವು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಅವರು ಉಭಯಚರಗಳ ಭ್ರೂಣದ ಕೋಶಗಳನ್ನು ಹೀಗೆಯೇ ಬೇರ್ಪಡಿಸಿ ಕಲಸಿ ಬಿಟ್ಟಾಗ ಇನ್ನೂ ಸೋಜಿಗದ ಸಂಗತಿ ಕಂಡಿತು: ಚರ್ಮವಾಗಬೇಕಿದ್ದ ಕೋಶಗಳು ಹೊರಕ್ಕೂ ನರಮಂಡಲವಾಗಬೇಕಿದ್ದವು ಒಳಕ್ಕೂ ಸರಿದು, ಭ್ರೂಣದಲ್ಲಿದ್ದ ಕ್ರಮವನ್ನೇ ಹೋಲುವಂತೆ ತಮ್ಮ ಜಾಗಗಳನ್ನು ಹುಡುಕಿಕೊಂಡವು. ಕೋಶದ ಮೈಮೇಲೆ ಏನೋ ಒಂದು ಗುರುತು ಇದೆ ಎಂಬುದು ಸ್ಪಷ್ಟವಾಯಿತು. ಅದು ಯಾವ ಅಣು ಎಂಬುದು ಮಾತ್ರ ತಿಳಿದಿರಲಿಲ್ಲ.

ಆ ಅಣುವಿನ ಜಾಡು ಸಿಕ್ಕಿದ ಬಗೆ ಈ ಕ್ಷೇತ್ರದ ಕಥೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು. ಜಪಾನಿನ ಕ್ಯೋಟೋದಲ್ಲಿ ಕೆಲಸ ಮಾಡುತ್ತಿದ್ದ ಮಸತೋಶಿ ತಕೆಯಿಚಿ 1970ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಕಾರ್ನೆಗಿ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋದರು. ಊರಿನಲ್ಲಿ ಸಲೀಸಾಗಿ ಮತ್ತೆ ಕೂಡಿಕೊಳ್ಳುತ್ತಿದ್ದ ಕೋಶಗಳು ಅಲ್ಲಿ ಕೂಡಿಕೊಳ್ಳಲೇ ಇಲ್ಲ. ಕೋಶಗಳನ್ನು ಬಿಡಿಸಲು ಬಳಸುವ ದ್ರಾವಣದಲ್ಲೇ ವ್ಯತ್ಯಾಸವಿತ್ತು: ಬಾಲ್ಟಿಮೋರ್‌ನ ಟ್ರಿಪ್ಸಿನ್ ದ್ರಾವಣದಲ್ಲಿ ಇಡಿಟಿಎ ಬೆರೆತಿತ್ತು, ಕ್ಯೋಟೋದ ದ್ರಾವಣದಲ್ಲಿ ಇರಲಿಲ್ಲ. ಈ ವ್ಯತ್ಯಾಸವನ್ನು ಅವರು ಕಿರಿಕಿರಿ ಎಂದು ಬದಿಗಿಡದೆ ಬೆನ್ನುಹತ್ತಿದರು. ಕ್ಯಾಲ್ಸಿಯಂ ಇದ್ದಾಗ ಟ್ರಿಪ್ಸಿನ್‌ನ ಕತ್ತರಿಗೆ ಸಿಗದೆ, ಕ್ಯಾಲ್ಸಿಯಂ ಇಲ್ಲವಾದೊಡನೆ ಚೂರಾಗುವ ಪ್ರೋಟೀನೊಂದು ಕೋಶಗಳ ಮೇಲ್ಮೈಯಲ್ಲಿದೆ, ಕೋಶಗಳನ್ನು ಕೂಡಿಸುವುದು ಅದೇ ಎಂಬುದು 1977ರ ಹೊತ್ತಿಗೆ ತೋರಿಬಂತು. 1984ರಲ್ಲಿ ಅದಕ್ಕೆ ಕ್ಯಾಡ್ಹೆರಿನ್ ಎಂಬ ಹೆಸರು ಬಂತು.

ಕ್ಯಾಡ್ಹೆರಿನ್ ಕೋಶಪೊರೆಯನ್ನು ತೂರಿಕೊಂಡು ಒಳಗೂ ಹೊರಗೂ ಚಾಚಿರುವ ಉದ್ದನೆಯ ಪ್ರೋಟೀನು. ಹೊರಭಾಗದಲ್ಲಿ ಸರಪಣಿಯ ಕೊಂಡಿಗಳಂತೆ ಐದು ತುಣುಕುಗಳಿದ್ದು, ತುಣುಕು ತುಣುಕಿನ ನಡುವಿನ ಸಂದಿಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಕುಳಿತು ಇಡೀ ತೋಳು ಸೆಟೆದು ನಿಲ್ಲುವಂತೆ ಮಾಡುತ್ತವೆ. ಕ್ಯಾಲ್ಸಿಯಂ ತೆಗೆದರೆ ತೋಳು ಸೋತು ಬೀಳುತ್ತದೆ. ತಟ್ಟೆಯಲ್ಲಿ ಬಿರುಕು ಮೂಡಲು ಇದೇ ಕಾರಣ. ಎದುರಿನ ಕೋಶದ ಕ್ಯಾಡ್ಹೆರಿನ್ ಸಿಕ್ಕಾಗ ಎರಡೂ ತುದಿಗಳು ಒಂದರ ಎಳೆಯನ್ನು ಇನ್ನೊಂದರ ಗುಳಿಗೆ ಸೇರಿಸಿ ತೆಕ್ಕೆ ಹಾಕಿಕೊಳ್ಳುತ್ತವೆ. ಇಂಥ ಒಂದು ತೆಕ್ಕೆಯನ್ನು ಬಿಡಿಯಾಗಿ ತೆಗೆದುಕೊಂಡರೆ ಅದು ತೀರ ದುರ್ಬಲ, ಬೇಗನೆ ಕಳಚಿಕೊಳ್ಳುತ್ತದೆ. ಆದರೆ ನೂರಾರು ತೆಕ್ಕೆಗಳು ಅಕ್ಕಪಕ್ಕ ಸೇರಿದಾಗ ಒಂದು ಕಳಚುವಷ್ಟರಲ್ಲಿ ಇನ್ನೊಂದು ಕೂಡಿರುತ್ತದೆ. ಒಳಗಡೆ ಕ್ಯಾಡ್ಹೆರಿನ್‌ನ ಬಾಲವು ಕ್ಯಾಟೆನಿನ್ ಎಂಬ ಪ್ರೋಟೀನುಗಳ ಮೂಲಕ ಆಕ್ಟಿನ್ ಎಳೆಗಳಿಗೆ, ಅಂದರೆ ಕೋಶದ ಒಳಚೌಕಟ್ಟಿಗೆ, ಸೇರಿಕೊಂಡಿದೆ. ಯಾರಾದರೂ ಎಳೆದರೆ ಆಲ್ಫಾ-ಕ್ಯಾಟೆನಿನ್‌ನ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಜಾಗಕ್ಕೆ ವಿಂಕ್ಯುಲಿನ್ ಎಂಬ ಮತ್ತೊಂದು ಪ್ರೋಟೀನು ಬಂದು ಕೂಡಿ ಇನ್ನಷ್ಟು ಆಕ್ಟಿನ್ ಎಳೆಗಳನ್ನು ಅಲ್ಲಿಗೆ ಕಟ್ಟುತ್ತದೆ. ಎಳೆದಷ್ಟೂ ಬಿಗಿಯುವ ಗುಣ ಇದು. ಯಾವ ಗೋಂದಿಗೂ ಇದು ಸಾಧ್ಯವಿಲ್ಲ.

ಕ್ಯಾಡ್ಹೆರಿನ್‌ಗಳಲ್ಲಿ ಹಲವು ಬಗೆಗಳಿವೆ, ಮತ್ತು ಪ್ರತಿಯೊಂದೂ ಮುಖ್ಯವಾಗಿ ತನ್ನಂಥದ್ದನ್ನೇ ಹಿಡಿಯುತ್ತದೆ. ಬೆಳೆಯುತ್ತಿರುವ ಭ್ರೂಣದ ಬೆನ್ನಿನ ಮೇಲಿನ ಹಾಳೆಯು ಮಡಿಚಿಕೊಂಡು ಕೊಳವೆಯಾಗುವಾಗ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗಲಿರುವ ಆ ಕೋಶಗಳು ಇ-ಕ್ಯಾಡ್ಹೆರಿನ್ ತಯಾರಿಸುವುದನ್ನು ನಿಲ್ಲಿಸಿ ಎನ್-ಕ್ಯಾಡ್ಹೆರಿನ್ ತಯಾರಿಸತೊಡಗುತ್ತವೆ. ಚರ್ಮವಾಗಲಿರುವ ನೆರೆಕೋಶಗಳಲ್ಲಿ ಇ-ಕ್ಯಾಡ್ಹೆರಿನ್ ಹಾಗೆಯೇ ಉಳಿಯುತ್ತದೆ. ಕೊಳವೆಯು ಚರ್ಮದಿಂದ ಬೇರ್ಪಟ್ಟು ಒಳಗಿಳಿಯಲು ಈ ಬದಲಾವಣೆ ನೆರವಾಗುತ್ತದೆ. ಹೋಲ್ಟ್‌ಫ್ರೆಟರ್ ಕಂಡ ಸೋಜಿಗದ ಹಿಂದೆ ಇಂಥ ಆಯ್ಕೆಗಳಿದ್ದವು.

ಚರ್ಮ ಮತ್ತು ಹೃದಯದಂತೆ ಸದಾ ಎಳೆತಕ್ಕೆ ಒಳಗಾಗುವ ಅಂಗಾಂಶಗಳಿಗೆ ಇಷ್ಟೇ ಸಾಲದು. ಅಲ್ಲಿ ಡೆಸ್ಮೊಸೋಮ್ ಎಂಬ ಗುಂಡಿಯಂಥ ಜೋಡಣೆಗಳಿದ್ದು, ಅವು ಕ್ಯಾಡ್ಹೆರಿನ್ ಕುಟುಂಬದವೇ ಆದ ಡೆಸ್ಮೊಗ್ಲೈನ್ ಮುಂತಾದ ಪ್ರೋಟೀನುಗಳ ಮೂಲಕ ಎರಡು ಕೋಶಗಳ ಗಟ್ಟಿಯಾದ ಕೆರಟಿನ್ ಎಳೆಗಳನ್ನು, ಹೃದಯದಲ್ಲಾದರೆ ಡೆಸ್ಮಿನ್ ಎಳೆಗಳನ್ನು, ಒಂದಕ್ಕೊಂದು ಬಿಗಿಯುತ್ತವೆ. ಅವುಗಳ ಬೆಲೆ ತಿಳಿಯುವುದು ಅವು ಕೈಕೊಟ್ಟಾಗ. ಪೆಂಫಿಗಸ್ ವಲ್ಗಾರಿಸ್ ಎಂಬ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಯು ದಾರಿ ತಪ್ಪಿ ಡೆಸ್ಮೊಗ್ಲೈನ್ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬಾಯಿಯ ಒಳಗೋಡೆಯಲ್ಲೂ ಚರ್ಮದಲ್ಲೂ ಕೋಶಗಳು ಒಂದನ್ನೊಂದು ಬಿಟ್ಟುಬಿಡುತ್ತವೆ, ಸಂದಿಗೆ ನೀರು ತುಂಬಿ ಗುಳ್ಳೆಗಳೇಳುತ್ತವೆ.

ಇನ್ನು ಎರಡನೆಯ ಹಿಡಿತ. ಕೋಶಗಳ ಸುತ್ತಲಿನ ಮ್ಯಾಟ್ರಿಕ್ಸ್ ಅನ್ನು ಹೆಣೆಯುವುದು ಕೋಶಗಳೇ, ಆಮೇಲೆ ಅದರ ಮೇಲೆ ನಿಲ್ಲುವುದೂ ಅವೇ. ಅದರ ಮುಖ್ಯ ನಾರು ಕೊಲಾಜೆನ್, ಮೂರು ಎಳೆಗಳನ್ನು ಹುರಿ ಮಾಡಿದ ಹಗ್ಗ. ನಮ್ಮ ದೇಹದಲ್ಲಿ ಇದಕ್ಕಿಂತ ಹೆಚ್ಚಿರುವ ಪ್ರೋಟೀನು ಬೇರೊಂದಿಲ್ಲ. ಈ ಹುರಿ ಬಿಚ್ಚಿಹೋಗದಂತೆ ನಿಲ್ಲಲು ಎಳೆಗಳಲ್ಲಿನ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿಯನ್ನು ಸೇರಿಸಬೇಕು, ಹಾಗೆ ಸೇರಿಸುವ ಕಿಣ್ವಕ್ಕೆ ಸಿ ಜೀವಸತ್ವ ಬೇಕು. ಹಣ್ಣು ತರಕಾರಿಗಳಿಲ್ಲದೆ ತಿಂಗಳುಗಟ್ಟಲೆ ಕಡಲಲ್ಲಿದ್ದ ನಾವಿಕರಿಗೆ ಸ್ಕರ್ವಿ ಬಂದಾಗ ಒಸಡುಗಳಲ್ಲಿ ರಕ್ತ ಒಸರುತ್ತಿದ್ದುದಷ್ಟೇ ಅಲ್ಲ, ಎಂದೋ ಮಾಸಿದ್ದ ಗಾಯಗಳು ಮತ್ತೆ ಬಾಯಿ ಬಿಡುತ್ತಿದ್ದವು. ಕಲೆಯಲ್ಲಿನ ಕೊಲಾಜೆನ್ ಕೂಡ ಸದಾ ಸವೆಯುತ್ತ, ಹೊಸದಾಗುತ್ತ ಇರುವ ವಸ್ತು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷ್ಯ ನನಗೆ ತಿಳಿದಿಲ್ಲ.

ಮ್ಯಾಟ್ರಿಕ್ಸ್ ಅನ್ನು ಹಿಡಿಯುವ ಕೈಗಳು ಇಂಟೆಗ್ರಿನ್‌ಗಳು. 1986ರಲ್ಲಿ ಈ ಹೆಸರು ಬಂತು. 18 ಆಲ್ಫಾ ಮತ್ತು 8 ಬೀಟಾ ಘಟಕಗಳು ಬೇರೆ ಬೇರೆ ಜೋಡಿಗಳಾಗಿ ಮಾನವನಲ್ಲಿ ಒಟ್ಟು 24 ಬಗೆಯ ಇಂಟೆಗ್ರಿನ್‌ಗಳಾಗಿವೆ. ಅವುಗಳಲ್ಲಿ ಹಲವು ಗುರುತಿಸುವುದು ಮ್ಯಾಟ್ರಿಕ್ಸ್ ಪ್ರೋಟೀನಿನಲ್ಲಿರುವ ಒಂದು ಪುಟ್ಟ ಬರಹವನ್ನು: ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೋ ಆಮ್ಲಗಳ ಸಾಲು. ಫೈಬ್ರೊನೆಕ್ಟಿನ್‌ನಂಥ ದೈತ್ಯ ಅಣುವಿನಲ್ಲಿ ಸಾವಿರಾರು ಅಮೈನೋ ಆಮ್ಲಗಳಿದ್ದರೂ ಈ ಮೂರು ಅಕ್ಷರಗಳ ಪದವಿಲ್ಲದೆ ಹಿಡಿತ ಸಡಿಲಾಗುತ್ತದೆ ಎಂದು 1984ರಲ್ಲಿ ಪಿಯರ್‌ಶ್‌ಬಾಕರ್ ಮತ್ತು ರುಓಸ್ಲಾಹ್ತಿ ತೋರಿಸಿದರು.

ಬಿಡುವುದು ಹಿಡಿಯುವುದರಷ್ಟೇ ಮುಖ್ಯ ಎಂಬುದನ್ನು ಅರಿಯಲು ರಕ್ತದ ಪ್ಲೇಟ್‌ಲೆಟ್‌ಗಳನ್ನು ನೋಡಬೇಕು. ಒಂದೊಂದು ಪ್ಲೇಟ್‌ಲೆಟ್‌ನ ಮೈಮೇಲೂ ಒಂದೇ ಬಗೆಯ ಸುಮಾರು 80,000 ಇಂಟೆಗ್ರಿನ್‌ಗಳಿವೆ. ಅವೆಲ್ಲ ಸದಾ ಚಾಚಿಕೊಂಡಿದ್ದರೆ ರಕ್ತನಾಳಗಳಲ್ಲೇ ರಕ್ತ ಹೆಪ್ಪುಗಟ್ಟುತ್ತಿತ್ತು. ಆದುದರಿಂದ ಅವು ಮಂಡಿ ಮಡಚಿ ಕುಳಿತಂತೆ ಬಾಗಿಕೊಂಡಿರುತ್ತವೆ. ನಾಳಕ್ಕೆ ಗಾಯವಾದಾಗ ಪ್ಲೇಟ್‌ಲೆಟ್‌ನ ಒಳಗಿನಿಂದ ಟ್ಯಾಲಿನ್ ಎಂಬ ಪ್ರೋಟೀನು ಬಂದು ಬೀಟಾ ಘಟಕದ ಬಾಲವನ್ನು ಹಿಡಿಯುತ್ತದೆ, ಇಂಟೆಗ್ರಿನ್ ನೆಟ್ಟಗೆ ಎದ್ದು ನಿಲ್ಲುತ್ತದೆ, ರಕ್ತದಲ್ಲಿನ ಫೈಬ್ರಿನೊಜೆನ್ ಅನ್ನು ಹಿಡಿದು ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಈ ಇಂಟೆಗ್ರಿನ್ ಹುಟ್ಟಿನಿಂದಲೇ ಕೊರತೆಯಾದವರಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸರಿಯಿದ್ದರೂ ಸಣ್ಣ ಗಾಯವೂ ಬಹಳ ಹೊತ್ತು ಸೋರುತ್ತದೆ. ಗ್ಲ್ಯಾಂಜ್‌ಮನ್ ಎಂಬ ವೈದ್ಯರು 1918ರಲ್ಲೇ ಇದನ್ನು ವರ್ಣಿಸಿದ್ದರು.

ಹಿಡಿತದ ಮೂಲಕ ಕೋಶವು ತನ್ನ ಸುತ್ತಲನ್ನು ತಡವಿ ನೋಡುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ಬಗೆಯ ಕಾಂಡಕೋಶಗಳನ್ನು ಮೃದುವಾದ ಜೆಲ್ ಮೇಲೆ ಬೆಳೆಸಿದಾಗ ಅವು ನರಕೋಶಗಳ ಲಕ್ಷಣಗಳನ್ನೂ, ನಡುತರದ ಜೆಲ್ ಮೇಲೆ ಸ್ನಾಯುವಿನ ಲಕ್ಷಣಗಳನ್ನೂ, ಗಡುಸಾದುದರ ಮೇಲೆ ಮೂಳೆಯ ಲಕ್ಷಣಗಳನ್ನೂ ತೋರಿದವು. ಹಿಡಿಯಲು ಏನೂ ಸಿಗದ ಕೋಶದ ಪಾಡು ಇನ್ನೂ ತೀವ್ರವಾದುದು. ನೆಲೆಯಿಂದ ಕಳಚಿಕೊಂಡ ಸಾಮಾನ್ಯ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. 1994ರಲ್ಲಿ ಇದನ್ನು ವರ್ಣಿಸಿದವರು 'ನೆಲೆಯಿಲ್ಲದಿರುವುದು' ಎಂಬ ಅರ್ಥದ ಗ್ರೀಕ್ ಮಾತಿನಿಂದ ಅನೊಯ್ಕಿಸ್ ಎಂದು ಕರೆದರು. ಹೊಟ್ಟೆಯ ಒಂದು ಬಗೆಯ ಆನುವಂಶಿಕ ಕ್ಯಾನ್ಸರ್‌ನಲ್ಲಿ ಇ-ಕ್ಯಾಡ್ಹೆರಿನ್ ಜೀನ್ ಕೆಟ್ಟಿರುವುದು ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳ ಅಧ್ಯಯನದಿಂದ 1998ರಲ್ಲಿ ತಿಳಿಯಿತು. ನೆರೆಯನ್ನು ಬಿಟ್ಟು, ನೆಲೆಯಿಲ್ಲದೆಯೂ ಬದುಕಲು ಕಲಿತ ಕೋಶವೇ ದೇಹದ ಬೇರೆಡೆಗೆ ಹರಡಬಲ್ಲದು.

ಚರ್ಮದ ತಳಕೋಶಗಳು ತಮ್ಮ ಕೆಳಗಿನ ತೆಳುಹಾಸನ್ನು ಹಿಡಿಯುವುದು ಇಂಟೆಗ್ರಿನ್ ಮತ್ತು ಲ್ಯಾಮಿನಿನ್-332 ಎಂಬ ಪ್ರೋಟೀನಿನ ನೆರವಿನಿಂದ. ಈ ಲ್ಯಾಮಿನಿನ್‌ನ ಮೂರು ಸರಪಣಿಗಳಲ್ಲಿ ಒಂದು ದೋಷಪೂರಿತವಾಗಿದ್ದ ಏಳು ವರ್ಷದ ಬಾಲಕನೊಬ್ಬ 2015ರಲ್ಲಿ ಜರ್ಮನಿಯ ಆಸ್ಪತ್ರೆಯೊಂದನ್ನು ಸೇರಿದಾಗ ಅವನ ಮೈಯ ಮೇಲುಚರ್ಮ ಬಹುಪಾಲು ಕಳಚಿಹೋಗಿತ್ತು. ಇಟಲಿಯ ವಿಜ್ಞಾನಿ ಮಿಕೆಲೆ ಡೆ ಲುಕಾ ಅವರ ತಂಡವು ಅವನ ಗಾಯವಿಲ್ಲದ ಜಾಗದಿಂದ ಕೆಲವೇ ಚದರ ಸೆಂಟಿಮೀಟರ್ ಚರ್ಮವನ್ನು ತೆಗೆದು, ಕೋಶಗಳೊಳಕ್ಕೆ ಸರಿಯಾದ ಜೀನನ್ನು ಸೇರಿಸಿ, ಅವುಗಳನ್ನು ಹಾಳೆಗಳಾಗಿ ಬೆಳೆಸಿತು. ವೈದ್ಯರು ಆ ಹಾಳೆಗಳನ್ನು ಅವನ ಮೈಯ ಸುಮಾರು 80 ಶೇಕಡಾ ಭಾಗಕ್ಕೆ ಹೊದಿಸಿದರು. ಕೋಶಗಳು ತಮ್ಮ ಕೆಳಗೆ ಲ್ಯಾಮಿನಿನ್ ಹರಡಿದವು, ಅದನ್ನು ಹಿಡಿದವು, ಬಿಡಲಿಲ್ಲ. ಚರ್ಮವನ್ನು ತಿಂಗಳಿಗೊಮ್ಮೆ ಹೊಸದಾಗಿಸುವ ಕಾಂಡಕೋಶಗಳೂ ಅವುಗಳಲ್ಲಿದ್ದವು. ಐದು ವರ್ಷಗಳ ಬಳಿಕ ಪರೀಕ್ಷಿಸಿದಾಗಲೂ ಕಸಿ ಮಾಡಿದ ಚರ್ಮ ಗುಳ್ಳೆಯೇಳದೆ ತನ್ನ ಜಾಗದಲ್ಲಿ ನಿಂತಿತ್ತು.