ಪಾತ್ರಕ್ಕೆ ಥಟ್ಟನೆ ಹೊಳೆದಾಗ ಕಥೆಗೆ ಏನಾಗುತ್ತದೆ? ಒಂದು ಅಧ್ಯಯನ ಟಿಪ್ಪಣಿ

ಕಥೆ ಓದುವಾಗ ಒಂದು ಗಳಿಗೆ ಬರುತ್ತದೆ. ಪಾತ್ರಕ್ಕೆ ಥಟ್ಟನೆ ಏನೋ ಹೊಳೆಯುತ್ತದೆ, ಅಲ್ಲಿಂದ ಮುಂದೆ ಅವರು ಮೊದಲಿನ ಹಾಗೆ ಇರಲು ಆಗುವುದಿಲ್ಲ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದರೆ ಹೆಚ್ಚಿನವರು ‘ಇಲ್ಲಿ ನಾಯಕನಿಗೆ ಸತ್ಯ ತಿಳಿಯುತ್ತದೆ’ ಅಂತ ಬರೆದು ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಯಾವಾಗ ತಿಳಿಯಿತು, ಅದಕ್ಕೂ ಮೊದಲು ಯಾರಿಗೆ ತಿಳಿದಿತ್ತು, ತಿಳಿದ ಮೇಲೆ ಏನಾದರೂ ಮಾಡಲು ಸಮಯ ಉಳಿದಿತ್ತಾ? ಕಥೆಯ ಆಕಾರ ನಿಂತಿರುವುದು ಈ ಮೂರರ ಮೇಲೆ ಅಂತ ನನಗನಿಸುತ್ತದೆ.

ಈ ವಿಷಯದಲ್ಲಿ ಮೊದಲು ಎದುರಾಗುವ ಹೆಸರು ಅರಿಸ್ಟಾಟಲ್. ‘ಪೊಯೆಟಿಕ್ಸ್’ನಲ್ಲಿ ಆತ ಇದನ್ನು ‘ಅನಗ್ನೋರಿಸಿಸ್’ ಅನ್ನುತ್ತಾನೆ. ಅಂದರೆ ಗೊತ್ತಿಲ್ಲದ ಸ್ಥಿತಿಯಿಂದ ಗೊತ್ತಿರುವ ಸ್ಥಿತಿಗೆ ಬರುವುದು. ಅದೃಷ್ಟ ತಲೆಕೆಳಗಾಗುವುದಕ್ಕೆ ‘ಪೆರಿಪೆಟಿಯಾ’ ಎನ್ನುವ ಹೆಸರಿದೆ. ಇವೆರಡೂ ಒಟ್ಟಿಗೆ ನಡೆದರೆ ಅತ್ಯುತ್ತಮ ಅನ್ನುವುದು ಅವನ ಮಾತು. ಗುರುತು ಹಿಡಿಯುವುದರಲ್ಲೂ ಮೇಲು ಕೀಳು ಇದೆ ಅನ್ನುತ್ತಾನೆ. ಮಚ್ಚೆ, ಗಾಯದ ಗುರುತು, ಸರ ಇಂಥವುಗಳಿಂದ ಗುರುತು ಸಿಕ್ಕರೆ ಅದು ಕೊನೆಯ ದರ್ಜೆಯದು. ಘಟನೆಗಳಿಂದಲೇ ತಾನಾಗಿ ಹೊರಬಂದರೆ ಮೊದಲ ದರ್ಜೆ. ಅದಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ಒಂದು ಸೊಫೊಕ್ಲೀಸನ ‘ಈಡಿಪಸ್’.

ಈ ನಾಟಕದ ಒಂದು ದೃಶ್ಯವನ್ನು ನಿಧಾನವಾಗಿ ನೋಡೋಣ. ಕಾರಿಂಥ್‌ನಿಂದ ದೂತ ಬರುತ್ತಾನೆ. ಈಡಿಪಸ್ ತನ್ನ ತಂದೆ ಎಂದು ನಂಬಿರುವ ಅಲ್ಲಿನ ರಾಜ ಪಾಲಿಬಸ್ ತೀರಿಕೊಂಡ ಸುದ್ದಿ ತಂದಿದ್ದಾನೆ. ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾಗುತ್ತೇನೆ ಅನ್ನುವ ಭವಿಷ್ಯವಾಣಿಗೆ ಹೆದರಿ ಊರು ಬಿಟ್ಟಿದ್ದ ಈಡಿಪಸ್‌ಗೆ ಇದರಿಂದ ಸಮಾಧಾನ. ಆದರೆ ತಾಯಿ ಬದುಕಿದ್ದಾಳಲ್ಲ, ಆ ಭಯ ಹೋಗಿಲ್ಲ. ದೂತ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ: ಹೆದರಬೇಡ, ಅವರು ನಿನ್ನ ಹೆತ್ತವರೇ ಅಲ್ಲ, ಕಾಲಿನ ಗಿಣ್ಣು ಚುಚ್ಚಿ ಕಟ್ಟಿದ್ದ ಕೂಸನ್ನು ಒಬ್ಬ ಕುರುಬ ನನ್ನ ಕೈಗೆ ಕೊಟ್ಟಿದ್ದ.

ಈ ಮಾತು ನಡೆಯುವಾಗ ಪಕ್ಕದಲ್ಲೇ ಅವನ ಹೆಂಡತಿ ಯೊಕಾಸ್ಟಾ ನಿಂತಿದ್ದಾಳೆ. ಅವಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಕಾಲು ಕಟ್ಟಿ ಬೆಟ್ಟದಲ್ಲಿ ಬಿಡಿಸಿದ್ದ ತನ್ನ ಮಗುವಿನ ನೆನಪು ಅವಳಿಗಿದೆ. ಆ ಮಗುವೇ ಈಡಿಪಸ್ ಎಂದು ಅವಳಿಗೆ ಅರ್ಥವಾಗಿಬಿಟ್ಟಿದೆ. ಈಡಿಪಸ್ ಅವಳ ಕಡೆ ತಿರುಗಿ ಕುರುಬನ ಬಗ್ಗೆ ಕೇಳಿದರೆ, ದಮ್ಮಯ್ಯ ಇದನ್ನು ಇಲ್ಲಿಗೇ ಬಿಡು ಎಂದು ಬೇಡಿಕೊಳ್ಳುತ್ತಾಳೆ. ಅವನಿಗೆ ಹೊಳೆಯುವುದೇ ಬೇರೆ: ನಾನು ಗುಲಾಮರ ಮಗ ಅಂತ ಗೊತ್ತಾದರೆ ಇವಳಿಗೆ ಅವಮಾನ, ಅದಕ್ಕೇ ತಡೆಯುತ್ತಿದ್ದಾಳೆ! ಅವಳು ಒಳಗೆ ಓಡಿಹೋಗುತ್ತಾಳೆ. ಅವನು ವಿಚಾರಣೆ ಮುಂದುವರಿಸುತ್ತಾನೆ.

ಒಂದೇ ವೇದಿಕೆ, ಒಂದೇ ಮಾತು. ಪ್ರೇಕ್ಷಕರಿಗೆ ಮೊದಲೇ ಗೊತ್ತು, ಯೊಕಾಸ್ಟಾಗೆ ಈಗಷ್ಟೇ ಗೊತ್ತಾಯಿತು, ಈಡಿಪಸ್‌ಗೆ ಇನ್ನೂ ಗೊತ್ತಿಲ್ಲ. ಗುಟ್ಟು ನಮಗೆ ಮೊದಲೇ ತಿಳಿದಿದ್ದರೂ ಉಸಿರು ಬಿಗಿಹಿಡಿದು ನೋಡುವುದು ಈ ಅಂತರದಿಂದ. ‘ಏನು’ ಅನ್ನುವ ಕುತೂಹಲ ಮುಗಿದಿದೆ, ‘ಯಾವಾಗ’ ಅನ್ನುವುದು ಉಳಿದಿದೆ. ಉತ್ತರ ಬರೆಯುವಾಗ ಈ ಮೂರು ಹಂತಗಳನ್ನು ಹೆಸರಿಸಿದರೆ ಅರ್ಧ ಕೆಲಸ ಆದಂತೆ.

ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಗುರುತು ಸಿಗುವುದು ಉಂಗುರದಿಂದ. ಅರಿಸ್ಟಾಟಲನ ಲೆಕ್ಕದಲ್ಲಿ ಇದು ಕೆಳದರ್ಜೆ. ಆದರೆ ಕಾಳಿದಾಸ ಮಾಡಿದ್ದೇನು ನೋಡಿ. ಉಂಗುರ ಕೈಗೆ ಬಂದು ದುಷ್ಯಂತನಿಗೆ ಎಲ್ಲ ನೆನಪಾಗುವುದು ಆರನೇ ಅಂಕದಲ್ಲಿ. ಶಕುಂತಲೆ ಆಗ ಅಲ್ಲಿಲ್ಲ. ಅವಳನ್ನು ಸಭೆಯಲ್ಲೇ ತಿರಸ್ಕರಿಸಿ ಆಗಿದೆ. ಹಾಗಾಗಿ ನೆನಪು ಅವನಿಗೆ ಪರಿಹಾರ ಕೊಡುವುದಿಲ್ಲ, ಸಂಕಟ ಕೊಡುತ್ತದೆ. ಒಂದಾಗಲು ಏಳನೇ ಅಂಕದವರೆಗೆ ಕಾಯಬೇಕು. ಉಂಗುರ ಬರೀ ನೆಪ, ನಿಜವಾದ ಕಥೆ ಆ ಪಶ್ಚಾತ್ತಾಪದಲ್ಲಿದೆ. ಈ ವಿಷಯದಲ್ಲಿ ಅರಿಸ್ಟಾಟಲನ ದರ್ಜೆಗಳನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ.

ಇಲ್ಲಿಯವರೆಗೆ ನೋಡಿದ್ದು ಹೊರಗಿನ ಸತ್ಯ, ಯಾರು ಯಾರಿಗೆ ಏನಾಗಬೇಕು ಅನ್ನುವುದು. ಕಾದಂಬರಿಗಳಲ್ಲಿ ಇನ್ನೊಂದು ಬಗೆ ಜಾಸ್ತಿ: ಪಾತ್ರ ತನ್ನನ್ನೇ ಕಂಡುಕೊಳ್ಳುವುದು. ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಇದಕ್ಕೆ ಪಾಠದಂತಿದೆ. 61 ಅಧ್ಯಾಯಗಳ ಕಾದಂಬರಿಯಲ್ಲಿ ಈ ಗಳಿಗೆ ಬರುವುದು 36ನೆಯದರಲ್ಲಿ. ನಾಯಕಿ ಎಲಿಜಬೆತ್, ತಾನು ಮದುವೆಗೆ ಒಲ್ಲೆ ಎಂದಿದ್ದ ಡಾರ್ಸಿಯ ಪತ್ರ ಓದುತ್ತಾಳೆ. ಮೊದಲ ಸಲ ಸಿಟ್ಟಿನಲ್ಲಿ ಓದಿ, ಇನ್ನು ಇದನ್ನು ನೋಡುವುದೇ ಇಲ್ಲ ಅಂತ ಮಡಚಿಡುತ್ತಾಳೆ. ಅರ್ಧ ನಿಮಿಷ ಕಳೆಯುವುದರಲ್ಲಿ ಪತ್ರ ಮತ್ತೆ ತೆರೆದಿರುತ್ತದೆ. ಎರಡನೇ ಓದಿನಲ್ಲಿ ಅವಳಿಗೆ ತಾನು ನಂಬಿದ್ದ ವಿಕಮ್‌ನ ನಡವಳಿಕೆ ನೆನಪಾಗುತ್ತದೆ. ಪರಿಚಯವೇ ಇಲ್ಲದ ತನ್ನ ಹತ್ತಿರ ಆತ ಡಾರ್ಸಿಯನ್ನು ದೂರಿದ್ದ. ಡಾರ್ಸಿಗೆ ನಾನೇಕೆ ಹೆದರಲಿ ಎಂದು ಜಂಬ ಕೊಚ್ಚಿದವನು ಮರುವಾರದ ನೃತ್ಯಕೂಟಕ್ಕೆ ಬಂದಿರಲೇ ಇಲ್ಲ. ಇದೆಲ್ಲ ಅವಳ ಕಣ್ಣೆದುರೇ ನಡೆದಿತ್ತು. ನಮ್ಮ ಕಣ್ಣೆದುರೂ ನಡೆದಿತ್ತು, ಅಲ್ವಾ? ‘ಈ ಗಳಿಗೆಯವರೆಗೆ ನಾನು ಯಾರೆಂದು ನನಗೇ ಗೊತ್ತಿರಲಿಲ್ಲ’ ಅನ್ನುತ್ತಾಳೆ. ಪತ್ರ ಹೊಸ ಮಾಹಿತಿ ಕೊಟ್ಟಿತು ನಿಜ. ಆದರೆ ಅವಳನ್ನು ನಾಚಿಸಿದ್ದು ಹಳೆಯ ಮಾಹಿತಿ. ಕಥೆ ನಡುವಿನಲ್ಲಿರುವುದರಿಂದ ಬದಲಾಗಲು ಅವಳಿಗೆ ಇನ್ನೂ 25 ಅಧ್ಯಾಯಗಳು ಉಳಿದಿವೆ.

ಟಾಲ್‌ಸ್ಟಾಯ್ ಅಷ್ಟು ಸಮಯ ಕೊಡುವುದಿಲ್ಲ. ‘ಇವಾನ್ ಇಲಿಚ್‌ನ ಸಾವು’ (1886) ಕಥೆಯಲ್ಲಿ ತನ್ನ ಬದುಕು ಸರಿಯಾಗಿರಲಿಲ್ಲ ಅನ್ನುವುದು ಇವಾನ್‌ಗೆ ಸಾವಿನ ಹೊಸ್ತಿಲಲ್ಲಿ ಸ್ಪಷ್ಟವಾಗುತ್ತದೆ. ಮಾಡಲು ಉಳಿದಿರುವುದು ಹೆಂಡತಿ ಮತ್ತು ಮಗನ ಮೇಲೆ ಮರುಕಪಡುವುದಷ್ಟೇ. ಹಾಗಾದರೆ ತಡವಾಗಿ ಬಂದ ಅರಿವು ವ್ಯರ್ಥವೇ? ಟಾಲ್‌ಸ್ಟಾಯ್ ಪ್ರಕಾರ ಅಲ್ಲ.

ಇನ್ನು ಮಹಾಭಾರತ. ಒಂದೇ ಸತ್ಯ ಇಬ್ಬರಿಗೆ ಬೇರೆ ಬೇರೆ ಹೊತ್ತಿನಲ್ಲಿ ಸಿಗುತ್ತದೆ. ಕರ್ಣನಿಗೆ ತನ್ನ ಹುಟ್ಟಿನ ಗುಟ್ಟನ್ನು ಕೃಷ್ಣ ಯುದ್ಧಕ್ಕೆ ಮೊದಲೇ ಹೇಳುತ್ತಾನೆ. ಅವನು ಪಕ್ಷ ಬದಲಿಸುವುದಿಲ್ಲ. ಧರ್ಮರಾಯನಿಗೆ ಅದೇ ಸತ್ಯ ಗೊತ್ತಾಗುವುದು ಯುದ್ಧ ಮುಗಿದು ಸತ್ತವರಿಗೆ ತರ್ಪಣ ಬಿಡುವಾಗ. ಗೆದ್ದ ರಾಜ್ಯವೇ ಅವನಿಗೆ ಬೇಡವಾಗುತ್ತದೆ. ಅರಿವು ಬಂದ ತಕ್ಷಣ ಪಾತ್ರ ದಾರಿ ಬದಲಿಸಲೇಬೇಕು ಅಂತ ಕೆಲವು ಗೈಡುಗಳಲ್ಲಿ ಇರುತ್ತದೆ. ಕರ್ಣನನ್ನು ನೆನೆಸಿಕೊಂಡರೆ ಆ ಮಾತು ನಿಲ್ಲುವುದಿಲ್ಲ. ಅವನು ದಾರಿ ಬದಲಿಸದೆ ಇರುವುದೇ ಮುಂದಿನ ಪ್ರತಿ ಬಾಣಕ್ಕೂ ಭಾರ ಕೊಡುತ್ತದೆ.

ಪಂಪನ ‘ಆದಿಪುರಾಣ’ (941) ಬಿಡುವ ಹಾಗಿಲ್ಲ. ಮುಂದೆ ಮೊದಲ ತೀರ್ಥಂಕರನಾಗುವ ಆದಿದೇವನ ಸಭೆಯಲ್ಲಿ ನರ್ತಕಿ ನೀಲಾಂಜನೆ ಕುಣಿಯುತ್ತಿದ್ದಾಳೆ. ಕುಣಿಯುತ್ತಲೇ ಆಯುಸ್ಸು ಮುಗಿದು ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ನೃತ್ಯ ನಿಲ್ಲುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ತಿಳಿಯುತ್ತದೆ, ವೈರಾಗ್ಯ ಹುಟ್ಟುತ್ತದೆ. ಇಲ್ಲಿ ಯಾರೂ ಬಂದು ಗುಟ್ಟು ಹೇಳಲಿಲ್ಲ, ಪತ್ರವೂ ಬರಲಿಲ್ಲ. ಎಲ್ಲರೂ ನೋಡಿದ್ದನ್ನೇ ಅವನೂ ನೋಡಿದ. ನೋಟದ ವ್ಯತ್ಯಾಸವೇ ಅವನ ಪಾತ್ರಚಿತ್ರಣ. ಇದಕ್ಕಿಂತ ಚುರುಕಾದ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಆಧುನಿಕ ಸಣ್ಣಕಥೆಗೆ ಬಂದರೆ ಜೇಮ್ಸ್ ಜಾಯ್ಸ್ ಬಳಸಿದ ‘ಎಪಿಫನಿ’ ಎನ್ನುವ ಪದ ಗೊತ್ತಿರಬೇಕು. ಚಿಕ್ಕ ಸಂಗತಿಯೊಂದು ಇದ್ದಕ್ಕಿದ್ದಂತೆ ಇಡೀ ಬದುಕನ್ನು ಬಯಲು ಮಾಡುವುದು. ‘ಡಬ್ಲಿನರ್ಸ್’ (1914) ಸಂಕಲನದ ಕೊನೆಯ ಕಥೆಯಲ್ಲಿ ಹೆಂಡತಿ ಒಂದು ಹಳೆಯ ಹಾಡು ಕೇಳಿ ಮಂಕಾಗುತ್ತಾಳೆ. ಹಿಂದೆ ತನ್ನನ್ನು ಪ್ರೀತಿಸಿ, ಹದಿನೇಳನೇ ವಯಸ್ಸಿಗೇ ಸತ್ತ ಹುಡುಗನ ಕಥೆ ಹೇಳುತ್ತಾಳೆ. ಅವಳ ಬದುಕಿನಲ್ಲಿ ತನ್ನ ಪಾತ್ರ ಎಷ್ಟು ಚಿಕ್ಕದು ಅನ್ನುವುದು ಗಂಡ ಗೇಬ್ರಿಯಲ್‌ಗೆ ಆಗ ಕಾಣುತ್ತದೆ. ಮುಂದೆ ಅವನು ಬದಲಾದನಾ? ಜಾಯ್ಸ್ ಹೇಳುವುದಿಲ್ಲ. ವಿಮರ್ಶಕರು ಇವತ್ತಿಗೂ ಒಂದು ಮಾತಿಗೆ ಬಂದಿಲ್ಲ. ಹಾಗಾಗಿ ಯಾವ ಕಡೆ ವಾದಿಸಿದರೂ ಪರವಾಗಿಲ್ಲ, ಕಥೆಯೊಳಗಿನ ಸಾಲು ತೋರಿಸಿ ವಾದಿಸಿ.

ಅಭ್ಯಾಸಕ್ಕೆ ಒಂದು ಕೆಲಸ. ಆಸ್ಟೆನ್‌ಳದೇ ‘ಎಮ್ಮಾ’ (1815) ತೆಗೆದುಕೊಳ್ಳಿ. ಇಲ್ಲಿ ಎಮ್ಮಾಳ ಜೊತೆ ಓದುಗರೂ ಮೋಸ ಹೋಗುತ್ತಾರೆ. ಇದರ ಪಾತ್ರಗಳಾದ ಫ್ರಾಂಕ್ ಚರ್ಚಿಲ್ ಮತ್ತು ಜೇನ್ ಫೇರ್‌ಫ್ಯಾಕ್ಸ್ ಗುಟ್ಟಾಗಿ ಮದುವೆ ನಿಶ್ಚಯ ಮಾಡಿಕೊಂಡಿದ್ದಾರೆ ಅನ್ನುವುದಕ್ಕೆ ಸಿಗುವ ಸುಳಿವುಗಳನ್ನು ಅಧ್ಯಾಯದ ಸಂಖ್ಯೆ ಸಮೇತ ಪಟ್ಟಿ ಮಾಡಿ. ಬರೀ ಕೂದಲು ಕತ್ತರಿಸಿಕೊಳ್ಳಲು ಲಂಡನ್ನಿಗೆ ಹೋಗಿಬರುವ ಮನುಷ್ಯ, ಆಮೇಲೆ ಜೇನ್‌ಳ ಮನೆಗೆ ಹೆಸರಿಲ್ಲದೆ ಬಂದಿಳಿಯುವ ಪಿಯಾನೊ. ಅಲ್ಲಿಂದ ಶುರು ಮಾಡಿ.