ಮಲ್ಲಕಂಬದ ಹಿಡಿತ ಕ್ಯಾಮೆರಾಕ್ಕೆ ಸಿಗುವುದೆಷ್ಟು?

ಗರಡಿಯ ಕಲಿಕೆ ಮೈಯಿಂದ ಮೈಗೆ ದಾಟುವಂಥದ್ದು. ವಸ್ತಾದರು, ಅಂದರೆ ಗರಡಿಯ ಗುರುಗಳು, ಕಣ್ಮುಚ್ಚಿದರೆ ಅವರ ಡಾವೂ (ಪಟ್ಟೂ) ಮಣ್ಣಾಗುತ್ತದೆ. ಅದನ್ನು ಕ್ಯಾಮೆರಾದಲ್ಲಿ ಹಿಡಿದಿಡುವುದು ಹೇಗೆಂಬುದೇ ಇಲ್ಲಿನ ಮಾತು. ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಮಲ್ಲಸ್ತಂಭದ, ಅಂದರೆ ಏರಿ ಕಸರತ್ತು ಮಾಡುವ ಮಲ್ಲಕಂಬದ ಮಾತಿದೆ, ಆದರೂ 19ನೇ ಶತಮಾನದ ಆರಂಭದಲ್ಲಿ ಮರಾಠಿ ಕುಸ್ತಿ ಗುರು ಬಾಳಂಭಟ್ಟ ದೇವಧರರು ಆ ವಿದ್ಯೆಗೆ ಮರುಜೀವ ಕೊಡಬೇಕಾಯಿತು. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಮಕ್ಕಳು ಇಂದು ಏರುವ ಕಂಬದ ಹಿಂದೆ ಇಷ್ಟು ಚರಿತ್ರೆಯಿದೆ.

ಚಲನೆಯನ್ನು ಅಳೆದಿಡುವ ಯತ್ನವೂ ಹಳೆಯದೇ. 1882ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಮಾರೇ ಸೆಕೆಂಡಿಗೆ 12 ಚಿತ್ರ ತೆಗೆಯುವ ಬಂದೂಕಿನಾಕಾರದ ಕ್ಯಾಮೆರಾ ಮಾಡಿದ. ಮುಂದೆ ಕಪ್ಪು ಉಡುಪಿನ ಮೇಲೆ ಬಿಳಿ ಪಟ್ಟಿ ಹಚ್ಚಿ ಕೈಕಾಲಿನ ಗೆರೆಗಳನ್ನಷ್ಟೇ ಹಿಡಿದ. ಆಮೇಲೆ ಬಂದ ವಿಧಾನದಲ್ಲಿ ಕ್ಯಾಮೆರಾ ಗುರುತು ಹಿಡಿಯಲೆಂದು ಹೊಳೆಯುವ ಪುಟ್ಟ ಗುಂಡುಗಳನ್ನು ಮೈಗೆ ಅಂಟಿಸಬೇಕು. ಔಡಲೆಣ್ಣೆ ಸವರಿ ಕಂಬ ತಬ್ಬುವ ಮೈಮೇಲೆ ಅವು ನಿಲ್ಲುವ ಮಾತೇ ಇಲ್ಲ. 2017ರ ಓಪನ್‌ಪೋಸ್, 2020ರ ಬ್ಲೇಜ್‌ಪೋಸ್‌ನಂಥ ತಂತ್ರಾಂಶಗಳು ಬರಿ ವಿಡಿಯೊದಿಂದಲೇ ಮೈಯ ಕೀಲುಗಳನ್ನು ಬಿಂದುಗಳಾಗಿ ಗುರುತಿಸತೊಡಗಿದ ಮೇಲೆ ಗರಡಿಗೂ ದಾರಿ ತೆರೆಯಿತು.

ಹೀಗೆ ಚಲನೆಯನ್ನು ಮೂರು ಆಯಾಮದಲ್ಲಿ ಹಿಡಿಯಲು ಕನಿಷ್ಠ ಎರಡು ಮೊಬೈಲ್ ಬೇಕು. ನಡುವಿನ ಕೋನ 60ರಿಂದ 90 ಡಿಗ್ರಿ. ಕಂಬ ಮರೆ ಮಾಡುವುದರಿಂದ ಹಿಂಬದಿಗೆ ಮೂರನೆಯದು ಇಟ್ಟರೆ ಒಳಿತು. ಸೆಕೆಂಡಿಗೆ 60 ಚಿತ್ರ, ಶಟರ್ 1/500 ಸೆಕೆಂಡ್, ಫೋಕಸ್ ಲಾಕ್. ಮೊದಲು ಚದುರಂಗದ ಮನೆಗಳಿರುವ ಹಲಗೆ ಹಿಡಿದು ಕ್ಯಾಮೆರಾಗಳ ಸ್ಥಾನ ಲೆಕ್ಕ ಹಾಕಬೇಕು. ಸ್ಟ್ಯಾಂಡಿಗೆ ಕಾಲು ತಗುಲಿತೋ, ಮತ್ತೆ ಮೊದಲಿನಿಂದ. ಎಲ್ಲ ವಿಡಿಯೊಗಳ ಸಮಯ ಹೊಂದಿಸಲು ಜೋರಾಗಿ ಒಂದು ಚಪ್ಪಾಳೆ ಸಾಕು. ಈ ಹೊಂದಾಣಿಕೆ ಒಂದೇ ಚಿತ್ರದಷ್ಟು ತಪ್ಪಿದರೂ, ಸೆಕೆಂಡಿಗೆ 5 ಮೀಟರ್ ವೇಗದ ಕೈ 8 ಸೆಂ.ಮೀ. ಆಚೆ ಕಾಣುತ್ತದೆ.

ನಿಜವಾದ ತೊಡಕು ಬೇರೆ. ಈ ತಂತ್ರಾಂಶಗಳು ಕಲಿತದ್ದು ಹೆಚ್ಚಾಗಿ ನಿಂತ, ನಡೆಯುವ ಜನರ ಚಿತ್ರಗಳಿಂದ. ತಲೆಕೆಳಗಾದ ಕೂಡಲೇ ಎಡ–ಬಲ ಅದಲುಬದಲಾಗುತ್ತವೆ. ಆ ಭಾಗದ ವಿಡಿಯೊವನ್ನೇ 180 ಡಿಗ್ರಿ ತಿರುಗಿಸಿ ಓಡಿಸಿ, ಬಂದ ಬಿಂದುಗಳನ್ನು ಮರಳಿ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಹೆಚ್ಚು ಬಳಕೆಯ 17 ಬಿಂದುಗಳ ಮಾದರಿ ಮಣಿಕಟ್ಟು, ಹರಡಿಗೆ ಮುಗಿಯುತ್ತದೆ. ಕಂಬ ಕಚ್ಚುವ ಕಾಲ್ಬೆರಳೇ ಅದರಲ್ಲಿಲ್ಲ. ಹಿಮ್ಮಡಿ, ಪಾದದ ತುದಿ ಸೇರಿದ 33 ಬಿಂದುಗಳ ಬ್ಲೇಜ್‌ಪೋಸ್ ಇಲ್ಲಿ ಮೇಲು. ಮಟ್ಟಿ ಕುಸ್ತಿಯದು ಇನ್ನೂ ಕಷ್ಟ: ಇಬ್ಬರು ಪೈಲ್ವಾನರು ಹೆಣೆದುಕೊಂಡಾಗ ಒಬ್ಬನ ಕಾಲು ಇನ್ನೊಬ್ಬನ ಲೆಕ್ಕಕ್ಕೆ ಹೋಗುತ್ತದೆ. ಅಂಥ ಕಡೆ ಚಿತ್ರದಿಂದ ಚಿತ್ರಕ್ಕೆ ಕೈಯಾರೆ ತಿದ್ದದೆ ಗತಿಯಿಲ್ಲ.

ತೊಡೆಯ ಬಿಗಿ, ಉಸಿರು ಕಟ್ಟುವ ಗಳಿಗೆ ಯಾವ ಬಿಂದುವಿನಲ್ಲೂ ಇಲ್ಲ. ಆದ್ದರಿಂದ ಬಿಂದುಗಳು ಸಿಕ್ಕವೆಂದು ಮೂಲ ವಿಡಿಯೊ ಅಳಿಸಬಾರದು. ಡಾವಿನ ಹೆಸರನ್ನೂ ಎಲ್ಲಿ ಬಿಗಿಯಬೇಕೆಂಬುದನ್ನೂ ವಸ್ತಾದರ ದನಿಯಲ್ಲೇ ಅದರ ಜೊತೆ ಮುದ್ರಿಸಿಡಬೇಕು.