ಪಿಸಿಸಿ ಕೊಟ್ಟ ಮೇಲೂ ವಿಟಮಿನ್ ಕೆ ಏಕೆ? ವಾರ್ಫರಿನ್ ರಿವರ್ಸಲ್ ಓದುವಾಗ ಬರೆದುಕೊಂಡ ಟಿಪ್ಪಣಿ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೆದುಳಿನೊಳಗೆ ರಕ್ತಸ್ರಾವವಾದರೆ ಅದರ ಪರಿಣಾಮವನ್ನು ಹಿಂದಿರುಗಿಸಲು (ಇದೇ ರಿವರ್ಸಲ್) ಪಿಸಿಸಿ, ಅಂದರೆ ಫ್ಯಾಕ್ಟರ್ ಎನ್ನುವ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ಸಾಂದ್ರ ಪುಡಿ ಕೊಡಬೇಕು, ಜೊತೆಗೆ ವಿಟಮಿನ್ ಕೆ ಕೊಡಬೇಕು. ಇಷ್ಟನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಪಿಸಿಸಿ ಅರ್ಧ ಗಂಟೆಯಲ್ಲೇ ಐಎನ್‌ಆರ್ (ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಅಂಕಿ) ಇಳಿಸುವುದಾದರೆ, ಗಂಟೆಗಟ್ಟಲೆ ಕಾದ ಮೇಲೆ ಕೆಲಸ ಶುರು ಮಾಡುವ ವಿಟಮಿನ್ ಕೆ ಯಾಕೆ ಬೇಕು? ನಾನು ಸಿಕ್ಕಿಬಿದ್ದದ್ದು ಇಲ್ಲಿ. ಹಾಗಾಗಿ ಈ ಟಿಪ್ಪಣಿಯ ಬಹುಪಾಲು ಇದೇ ಪ್ರಶ್ನೆಗೆ ಹೋಗಿದೆ. ಹೆಪ್ಪುಗಟ್ಟುವ ಸರಣಿ ನಿಮಗೆ ಗೊತ್ತಿದೆ ಎಂದುಕೊಂಡು ಅದನ್ನು ಬಿಟ್ಟಿದ್ದೇನೆ.

ಯಾವ ಗುಳಿಗೆ?

ನಮ್ಮಲ್ಲಿ ಮನೆಯವರು ಹೇಳುವುದು "ರಕ್ತ ತೆಳು ಮಾಡೋ ಗುಳಿಗೆ ತಗೋತಾರೆ" ಅಂತ. ಅದು ಎಕೋಸ್ಪ್ರಿನ್ (ಆಸ್ಪಿರಿನ್) ಆಗಿರಬಹುದು, ಕ್ಲೋಪಿಡೋಗ್ರೆಲ್ ಆಗಿರಬಹುದು, ಅಸಿಟ್ರಾಮ್ ಆಗಿರಬಹುದು, ಹೊಸ ಎಪಿಕ್ಸಬಾನ್ ಕೂಡ ಆಗಿರಬಹುದು. ನಾಲ್ಕಕ್ಕೂ ಒಂದೇ ಹೆಸರು, ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದ ಸ್ಟ್ರಿಪ್ ತರಿಸಿ ನೋಡಬೇಕು, ಕೊನೆಯ ಡೋಸ್ ಎಷ್ಟು ಹೊತ್ತಿಗೆ ಆಯಿತೆಂದು ಕೇಳಬೇಕು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡವರು ನಮ್ಮ ಕಡೆ ಬಹಳ. ಅವರಲ್ಲಿ ಅನೇಕರು ನುಂಗುವುದು ಅಸಿಟ್ರಾಮ್, ಅಂದರೆ ಅಸೆನೊಕೌಮರಾಲ್. ಅದೂ ವಾರ್ಫರಿನ್ ಕುಟುಂಬದ್ದೇ. ವಾರ್ಫರಿನ್‌ನ ಅರ್ಧಾಯು (ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) ಸುಮಾರು 40 ಗಂಟೆಯಾದರೆ ಇದರದು 8ರಿಂದ 11 ಗಂಟೆ. ಉಳಿದ ತರ್ಕ ಎರಡಕ್ಕೂ ಒಂದೇ.

ವಾರ್ಫರಿನ್ ಮುಚ್ಚುವುದು ಯಾವ ಬಾಗಿಲನ್ನು?

ಲಿವರ್ 2, 7, 9, 10 ಎಂಬ ನಾಲ್ಕು ಫ್ಯಾಕ್ಟರ್‌ಗಳನ್ನೂ ಪ್ರೋಟೀನ್ ಸಿ, ಎಸ್‌ಗಳನ್ನೂ ಕೆಲಸಕ್ಕೆ ಬರುವ ರೂಪಕ್ಕೆ ತರಬೇಕಾದರೆ ವಿಟಮಿನ್ ಕೆ ಬೇಕು. ಒಂದು ಸಲ ಬಳಸಿದ ವಿಟಮಿನ್ ಕೆ ಆಕ್ಸಿಡೀಕರಣಗೊಂಡು ನಿಷ್ಪ್ರಯೋಜಕವಾಗುತ್ತದೆ. ಅದನ್ನು ಮತ್ತೆ ಬಳಕೆಗೆ ತರುವ ಕಿಣ್ವ ವಿಕೆಒಆರ್. ವಾರ್ಫರಿನ್ ತಡೆಯುವುದು ಈ ಕಿಣ್ವವನ್ನು. ಅಂದರೆ ಅದು ಫ್ಯಾಕ್ಟರ್ ತಯಾರಿಸುವ ಯಂತ್ರವನ್ನು ಮುರಿಯುವುದಿಲ್ಲ, ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಫ್ಯಾಕ್ಟರ್‌ಗಳನ್ನು ಮುಟ್ಟುವುದೂ ಇಲ್ಲ. ವಿಟಮಿನ್ ಕೆ ಮರುಬಳಕೆಯಾಗುವ ದಾರಿಯನ್ನಷ್ಟೇ ಮುಚ್ಚುತ್ತದೆ.

ಇದು ತಿಳಿದ ಮೇಲೆ ನನಗೆ ಇನ್ನೊಂದು ಗಂಟು ಬಿಚ್ಚಿತು. ಕಿಣ್ವಕ್ಕೆ ತಡೆ ಬಿದ್ದಿರುವಾಗ ಹೊರಗಿಂದ ವಿಟಮಿನ್ ಕೆ ಕೊಟ್ಟು ಏನು ಪ್ರಯೋಜನ? ಪ್ರಯೋಜನ ಇದೆ. ಲಿವರ್‌ನಲ್ಲಿ ವಾರ್ಫರಿನ್‌ಗೆ ಬಗ್ಗದ ಇನ್ನೊಂದು ದಾರಿ ಇದೆ. ವಿಟಮಿನ್ ಕೆ ಹೆಚ್ಚಿದ್ದರೆ ಆ ದಾರಿಯಲ್ಲೇ ಅದು ಸಕ್ರಿಯ ರೂಪಕ್ಕೆ ಬರುತ್ತದೆ. ಊಟದಲ್ಲಿ ಸಿಗುವ ಮೈಕ್ರೋಗ್ರಾಂ ಲೆಕ್ಕದ ವಿಟಮಿನ್ ಸಾಲದು, 10 ಮಿಲಿಗ್ರಾಂ ಸಾಕಾಗುತ್ತದೆ. ಆದರೆ ಲಿವರ್ ಹೊಸ ಫ್ಯಾಕ್ಟರ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡಬೇಕಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ. ರಕ್ತನಾಳದ ಮೂಲಕ ಕೊಟ್ಟರೂ ಪರಿಣಾಮ ಕಾಣಲು 4ರಿಂದ 6 ಗಂಟೆ, ಪೂರ್ತಿಯಾಗಲು 12ರಿಂದ 24 ಗಂಟೆ ಬೇಕು.

ಫ್ಯಾಕ್ಟರ್ 7ರ ಆರು ಗಂಟೆ

ಈಗ ಮೂಲ ಪ್ರಶ್ನೆ. ಪಿಸಿಸಿ ಅಂದರೆ ಪ್ಲಾಸ್ಮಾದಿಂದ (ರಕ್ತದ ದ್ರವ ಭಾಗದಿಂದ) ಬೇರ್ಪಡಿಸಿ ಸಾಂದ್ರಗೊಳಿಸಿದ ಅದೇ ನಾಲ್ಕು ಫ್ಯಾಕ್ಟರ್‌ಗಳ ಪುಡಿ. ಕರಗಿಸಿ ಕೊಟ್ಟ ತಕ್ಷಣ ಫ್ಯಾಕ್ಟರ್ ಮಟ್ಟ ಏರುತ್ತದೆ, ಐಎನ್‌ಆರ್ ಇಳಿಯುತ್ತದೆ. ಆದರೆ ಅವು ಎರವಲು ತಂದ ಫ್ಯಾಕ್ಟರ್‌ಗಳು, ಒಂದೊಂದೂ ತನ್ನ ಅರ್ಧಾಯುವಿನಂತೆ ಖಾಲಿಯಾಗುತ್ತದೆ. ಫ್ಯಾಕ್ಟರ್ 2ಕ್ಕೆ ಸುಮಾರು 60 ಗಂಟೆ, 10ಕ್ಕೆ 40ರ ಆಸುಪಾಸು, 9ಕ್ಕೆ 24, ಫ್ಯಾಕ್ಟರ್ 7ಕ್ಕೆ ಬರೀ 6 ಗಂಟೆ.

ಬೆಳಿಗ್ಗೆ 8ಕ್ಕೆ ಪಿಸಿಸಿ ಕೊಟ್ಟೆವು ಅಂದುಕೊಳ್ಳಿ. ಹೊರಗಿಂದ ಬಂದ ಫ್ಯಾಕ್ಟರ್ 7 ಮಧ್ಯಾಹ್ನ 2ಕ್ಕೆ ಅರ್ಧ ಉಳಿದಿರುತ್ತದೆ, ರಾತ್ರಿ 8ಕ್ಕೆ ಕಾಲು ಭಾಗ, ನಡುರಾತ್ರಿ 2ಕ್ಕೆ ಎಂಟನೇ ಒಂದು ಭಾಗ. ವಾರ್ಫರಿನ್ ಮಾತ್ರ 40 ಗಂಟೆಯ ಅರ್ಧಾಯುವಿನೊಂದಿಗೆ ಲಿವರ್‌ನಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ವಿಟಮಿನ್ ಕೆ ಕೊಟ್ಟಿರದಿದ್ದರೆ ಹೊಸ ಫ್ಯಾಕ್ಟರ್ ಹುಟ್ಟುವುದಿಲ್ಲ. 30 ನಿಮಿಷಕ್ಕೆ 1.2 ಇದ್ದ ಐಎನ್‌ಆರ್ ಅದೇ ರಾತ್ರಿ ಮತ್ತೆ ಏರಬಹುದು, ತಲೆಯೊಳಗೆ ರಕ್ತ ಮತ್ತೆ ಜಿನುಗಬಹುದು. ನಲ್ಲಿ ನೀರು ನಿಂತಾಗ ಟ್ಯಾಂಕರ್ ತರಿಸುತ್ತೇವೆ, ಆದರೆ ಪೈಪ್ ರಿಪೇರಿಯವರಿಗೆ ಫೋನ್ ಮಾಡುವುದೂ ಅದೇ ಹೊತ್ತಿಗೆ ಆಗಬೇಕು. ಪಿಸಿಸಿ ಟ್ಯಾಂಕರ್, ವಿಟಮಿನ್ ಕೆ ಪೈಪ್ ರಿಪೇರಿ. ಟ್ಯಾಂಕರ್ ನೀರು ತಳ ಕಾಣುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತಿರಬೇಕಾದರೆ ಎರಡನ್ನೂ ಒಟ್ಟಿಗೇ ಶುರು ಮಾಡಬೇಕು. "ಐಎನ್‌ಆರ್ ಇಳಿದಿದೆ, ವಿಟಮಿನ್ ಕೆ ನಾಳೆ ನೋಡೋಣ" ಅನ್ನುವಂತಿಲ್ಲ. ಪಿಸಿಸಿ ಮುಗಿದ 30 ನಿಮಿಷಕ್ಕೆ ಒಂದು ಸಲ ಐಎನ್‌ಆರ್ ನೋಡಿ ಸುಮ್ಮನಾಗದೆ 6 ಗಂಟೆಗೆ, ಮತ್ತೆ 24 ಗಂಟೆಗೆ ನೋಡುವುದು ಇದೇ ಕಾರಣಕ್ಕೆ.

ವಾರ್ಫರಿನ್ ಶುರು ಮಾಡುವಾಗಿನ ವಿಷಯಕ್ಕೂ ಇದೇ ಕೀಲಿ. ಮೊದಲು ಬೀಳುವುದು ಫ್ಯಾಕ್ಟರ್ 7, ಅದಕ್ಕೇ ಎರಡು ಮೂರು ದಿನದಲ್ಲಿ ಐಎನ್‌ಆರ್ ಏರಿ ಕಾಣುತ್ತದೆ. ಫ್ಯಾಕ್ಟರ್ 2 ಇಳಿದು ನಿಜವಾದ ರಕ್ಷಣೆ ಸಿಗಲು ಸುಮಾರು ಐದು ದಿನ ಬೇಕು. ಅಷ್ಟು ದಿನ ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್) ನಿಲ್ಲಿಸದಿರುವುದು ಅದಕ್ಕೇ. ನಾಲ್ಕು ಅರ್ಧಾಯುಗಳನ್ನು ನೆನಪಿಟ್ಟರೆ ಪರೀಕ್ಷೆಯ ಎರಡು ಪ್ರಶ್ನೆಗಳಿಗೆ ಉತ್ತರ ತಾನಾಗಿ ಬರುತ್ತದೆ.

ಡೋಸ್ ಲೆಕ್ಕ, ಪ್ಲಾಸ್ಮಾದ ಕಷ್ಟ

ನಾಲ್ಕು ಫ್ಯಾಕ್ಟರ್‌ಗಳ ಪಿಸಿಸಿಗೆ ಹೆಚ್ಚು ಬಳಕೆಯಲ್ಲಿರುವ ಲೆಕ್ಕ ಹೀಗೆ: ಐಎನ್‌ಆರ್ 2ರಿಂದ 4ರ ಒಳಗಿದ್ದರೆ ಕಿಲೋಗೆ 25 ಯೂನಿಟ್, 4ರಿಂದ 6ಕ್ಕೆ 35, 6ಕ್ಕಿಂತ ಹೆಚ್ಚಿದ್ದರೆ 50. ತೂಕ 100 ಕಿಲೋ ದಾಟಿದರೂ ಲೆಕ್ಕ 100ಕ್ಕೇ ನಿಲ್ಲುತ್ತದೆ. 60 ಕಿಲೋ ತೂಕ, ಐಎನ್‌ಆರ್ 4.8 ಇದ್ದರೆ 35ನ್ನು 60ರಿಂದ ಗುಣಿಸಿ 2,100 ಯೂನಿಟ್. ವೈಯಲ್ ಮೇಲೆ 500 ಎಂದಿದ್ದರೂ ಒಳಗಿನ ನಿಜವಾದ ಯೂನಿಟ್ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಪೆಟ್ಟಿಗೆ ಮೇಲೆ ಬರೆದಿರುವುದನ್ನು ಓದಿಕೊಳ್ಳಬೇಕು. ಅನೇಕ ಪಿಸಿಸಿಗಳಲ್ಲಿ ಸ್ವಲ್ಪ ಹೆಪಾರಿನ್ ಬೆರೆತಿರುತ್ತದೆ, ಹಾಗಾಗಿ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದ ಇತಿಹಾಸ ಇರುವವರಿಗೆ ಅಂಥದ್ದನ್ನು ಕೊಡಬಾರದು.

ವಿಟಮಿನ್ ಕೆ 10 ಮಿಲಿಗ್ರಾಂ ಅನ್ನು 50 ಮಿಲಿಲೀಟರ್ ಸಲೈನ್‌ನಲ್ಲಿ ಬೆರೆಸಿ 20ರಿಂದ 30 ನಿಮಿಷ ಹನಿಹನಿಯಾಗಿ ಬಿಡುವುದು. ಒಮ್ಮೆಲೇ ತಳ್ಳಿದರೆ ಅನಾಫಿಲಾಕ್ಸಿಸ್‌ನಂಥ (ತೀವ್ರ ಅಲರ್ಜಿಯಂಥ) ಪ್ರತಿಕ್ರಿಯೆಯ ಅಪಾಯ. ಸ್ನಾಯುವಿಗೆ ಚುಚ್ಚಿದರೆ ಅಲ್ಲೇ ರಕ್ತಗಂಟು ಕಟ್ಟುತ್ತದೆ.

ಪಿಸಿಸಿ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ, ಆಗ ಉಳಿಯುವುದು ಎಫ್‌ಎಫ್‌ಪಿ, ಅಂದರೆ ಮಂಜುಗಡ್ಡೆಯಾಗಿಸಿ ಇಟ್ಟ ಪ್ಲಾಸ್ಮಾ. ಅದೇ 60 ಕಿಲೋ ವ್ಯಕ್ತಿಗೆ ಕಿಲೋಗೆ 15 ಮಿಲಿಲೀಟರ್‌ನಂತೆ 900 ಮಿಲಿಲೀಟರ್, ಅಂದರೆ ನಾಲ್ಕು ಚೀಲ. ಬ್ಲಡ್ ಗ್ರೂಪ್ ಹೊಂದಿಸಬೇಕು, ಮಂಜುಗಡ್ಡೆಯಾಗಿರುವುದನ್ನು ಕರಗಿಸಬೇಕು, ಮೊದಲೇ ದಣಿದ ಹೃದಯಕ್ಕೆ ಅಷ್ಟು ದ್ರವ ತುಂಬಬೇಕು. ಇಷ್ಟಾದರೂ ಐಎನ್‌ಆರ್ 1.5ರ ಕೆಳಗೆ ಇಳಿಸುವುದು ಕಷ್ಟ, ಯಾಕೆಂದರೆ ಪ್ಲಾಸ್ಮಾದಲ್ಲಿ ಇರುವುದು ಸಾಮಾನ್ಯ ಮಟ್ಟದ ಫ್ಯಾಕ್ಟರ್, ಸಾಂದ್ರಗೊಳಿಸಿದ್ದಲ್ಲ. 2016ರಲ್ಲಿ ಪ್ರಕಟವಾದ ಜರ್ಮನಿಯ ಇಂಚ್ ಅಧ್ಯಯನದಲ್ಲಿ, ವಾರ್ಫರಿನ್ ಬಗೆಯ ಮಾತ್ರೆಗಳಿಂದ ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಚಿಕಿತ್ಸೆ ಶುರುವಾದ 3 ಗಂಟೆಯೊಳಗೆ ಐಎನ್‌ಆರ್ 1.2 ಅಥವಾ ಅದಕ್ಕಿಂತ ಕಡಿಮೆಗೆ ಇಳಿದದ್ದು ಪ್ಲಾಸ್ಮಾ ಗುಂಪಿನಲ್ಲಿ ಶೇ. 9 ಜನರಿಗೆ, ಪಿಸಿಸಿ ಗುಂಪಿನಲ್ಲಿ ಶೇ. 67 ಜನರಿಗೆ. ಎರಡೂ ಗುಂಪಿಗೆ ವಿಟಮಿನ್ ಕೆ ಕೊಟ್ಟಿದ್ದರು.

ಲೋಹದ ಕವಾಟ ಇದ್ದವರಿಗೆ ರಿವರ್ಸ್ ಮಾಡಿದರೆ ಕವಾಟದ ಮೇಲೆ ಹೆಪ್ಪು ಕಟ್ಟದೇ? ಆ ಭಯ ನಿಜ. 10 ಮಿಲಿಗ್ರಾಂ ವಿಟಮಿನ್ ಕೆ ಆದ ಮೇಲೆ ಮತ್ತೆ ಐಎನ್‌ಆರ್ ಏರಿಸಲು ವಾರ ಹಿಡಿಯಬಹುದು. ಆದರೂ ಜೀವಕ್ಕೇ ಸಂಚಕಾರ ತರುವ ರಕ್ತಸ್ರಾವದಲ್ಲಿ ರಿವರ್ಸ್ ಮಾಡಲೇಬೇಕು. ಸ್ರಾವ ನಿಂತ ಮೇಲೆ ಹೆಪಾರಿನ್ ಯಾವಾಗ ಶುರು ಮಾಡುವುದು ಎಂಬುದು ಹಿರಿಯ ವೈದ್ಯರು ಕೂತು ತೂಗಿ ನೋಡುವ ವಿಷಯ. ರಕ್ತಸ್ರಾವವೇ ಇಲ್ಲದೆ ಐಎನ್‌ಆರ್ ಮಾತ್ರ 4.5ರಿಂದ 10ರ ನಡುವೆ ಇದ್ದರೆ ಇದ್ಯಾವುದೂ ಬೇಡ, ಮಾತ್ರೆ ನಿಲ್ಲಿಸಿ ಕಾಯುವುದು.

ಹೆಪಾರಿನ್

ಪ್ರೋಟಮೈನ್ 1 ಮಿಲಿಗ್ರಾಂ 100 ಯೂನಿಟ್ ಹೆಪಾರಿನ್ ಅನ್ನು ಹಿಡಿದು ನಿಲ್ಲಿಸುತ್ತದೆ. ಲೆಕ್ಕಕ್ಕೆ ಬರುವುದು ಕೊನೆಯ 2ರಿಂದ 3 ಗಂಟೆಯ ಹೆಪಾರಿನ್ ಮಾತ್ರ, ಇಡೀ ದಿನದ್ದಲ್ಲ. ಗಂಟೆಗೆ 1,000 ಯೂನಿಟ್ ಓಡುತ್ತಿದ್ದರೆ ಎರಡೂವರೆ ಗಂಟೆಗೆ 2,500, ಅಂದರೆ 25 ಮಿಲಿಗ್ರಾಂ. ಒಂದು ಸಲಕ್ಕೆ 50 ಮಿಲಿಗ್ರಾಂ ಮೀರಬಾರದು, ನಿಮಿಷಕ್ಕೆ 5 ಮಿಲಿಗ್ರಾಂಗಿಂತ ವೇಗ ಬೇಡ, ಬಿಪಿ ಕುಸಿಯುತ್ತದೆ. ಹೆಚ್ಚಾದ ಪ್ರೋಟಮೈನ್ ತಾನೇ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಹೆಪಾರಿನ್‌ನದೇ ಇನ್ನೊಂದು ರೂಪವಾದ ಎನಾಕ್ಸಪರಿನ್ ಆದರೆ ಪ್ರೋಟಮೈನ್‌ನಿಂದ ಅರೆಬರೆ ರಿವರ್ಸಲ್ ಅಷ್ಟೇ.

ಹೊಸ ಮಾತ್ರೆಗಳು

ಡಾಬಿಗಟ್ರಾನ್, ರಿವರೊಕ್ಸಬಾನ್, ಎಪಿಕ್ಸಬಾನ್ ಫ್ಯಾಕ್ಟರ್ ತಯಾರಿಕೆಯನ್ನು ತಡೆಯುವುದಿಲ್ಲ, ತಯಾರಾದ ಫ್ಯಾಕ್ಟರ್ ಕೆಲಸ ಮಾಡದಂತೆ ಅದನ್ನು ಹಿಡಿದುಕೊಳ್ಳುತ್ತವೆ. ಹಾಗಾಗಿ ವಿಟಮಿನ್ ಕೆಯಿಂದ ಇಲ್ಲಿ ಉಪಯೋಗವಿಲ್ಲ. ಐಎನ್‌ಆರ್ ಸರಿಯಿದ್ದ ಮಾತ್ರಕ್ಕೆ ಔಷಧ ರಕ್ತದಲ್ಲಿಲ್ಲ ಎನ್ನುವಂತಿಲ್ಲ. ಕೊನೆಯ ಡೋಸ್‌ನ ಸಮಯ, ಕಿಡ್ನಿಯ ಸ್ಥಿತಿ ಇವೇ ಆಧಾರ. ಡಾಬಿಗಟ್ರಾನ್‌ಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಡರುಸಿಜುಮ್ಯಾಬ್ ಇದೆ: 2.5 ಗ್ರಾಂನ ಎರಡು ವೈಯಲ್, ಒಟ್ಟು 5 ಗ್ರಾಂ. ಅದು ಸಿಗದಿದ್ದರೆ ಡಯಾಲಿಸಿಸ್‌ನಿಂದ ಡಾಬಿಗಟ್ರಾನ್ ಅನ್ನು ಹೊರಹಾಕಬಹುದು. ಉಳಿದೆರಡಕ್ಕೆ ಆಂಡೆಕ್ಸನೆಟ್ ಎಂಬ ಪ್ರತ್ಯೌಷಧ ಬಂದರೂ ಅದರಿಂದ ಹೆಪ್ಪುಗಟ್ಟುವ ತೊಂದರೆ ಹೆಚ್ಚು ಕಂಡಿದೆ. ಅನೇಕ ಕಡೆ ಪಿಸಿಸಿಯನ್ನೇ ಕೊಡುತ್ತಾರೆ.

ಸ್ಟ್ರಿಪ್ ತರಿಸಿದಾಗ ಅದು ಬರೀ ಎಕೋಸ್ಪ್ರಿನ್ ಆಗಿದ್ದರೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ, ಅದು ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡುವ ಮಾತ್ರೆ. ಹಾಗಂತ ತಾನಾಗಿ ಆದ ಮೆದುಳಿನ ರಕ್ತಸ್ರಾವಕ್ಕೆ ಪ್ಲೇಟ್‌ಲೆಟ್ ಏರಿಸುವುದೂ ಸರಿಯಲ್ಲ: 2016ರ ಪ್ಯಾಚ್ ಅಧ್ಯಯನದಲ್ಲಿ ಪ್ಲೇಟ್‌ಲೆಟ್ ಪಡೆದವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು.